ಎರಡನೆಯ ಪಿಟೀಲಿನ ಕೊನೆಯ ಕುರ್ಚಿ

ಅವರ ಎಡದವಡೆಯ ಕೆಳಗೆ, ಕತ್ತು ಶುರುವಾಗುವಲ್ಲಿ, ಬೆಳ್ಳುಳ್ಳಿ ಎಸಳಿನಷ್ಟು ದೊಡ್ಡ ಕಂದು ಕಲೆಯೊಂದಿತ್ತು. ಚರ್ಮ ಅಲ್ಲಿ ಒರಟಾಗಿ ತುಸು ಉಬ್ಬಿತ್ತು. ಚಳಿಗಾಲದಲ್ಲಿ ಒಡೆದು ಹೊಟ್ಟೇಳುತ್ತಿತ್ತು. ಕನ್ನಡ ಸಂಘದ ಊಟದ ಸಾಲಿನಲ್ಲಿ ಅವರ ಪಕ್ಕ ನಿಂತವರೆಲ್ಲ ಅದನ್ನು ನೋಡಿ ಒಂದೊಂದು ಮದ್ದು ಹೇಳುತ್ತಿದ್ದರು. ಒಬ್ಬರು ಅರಿಶಿನ ಅಂದರೆ ಇನ್ನೊಬ್ಬರು ಬೇವಿನೆಣ್ಣೆ ಅನ್ನುತ್ತಿದ್ದರು. ಅವರು ಎಲ್ಲರಿಗೂ "ಆಗಲಿ, ಹಚ್ತೀನಿ" ಎಂದು ತಲೆಯಾಡಿಸಿ ಪುಳಿಯೋಗರೆ ಬಡಿಸಿಕೊಂಡು ಮುಂದೆ ಹೋಗುತ್ತಿದ್ದರು. ಅದು ರೋಗವಲ್ಲ, ಐವತ್ತು ವರ್ಷ ಪಿಟೀಲನ್ನು ದವಡೆಗೆ ಒತ್ತಿ ಹಿಡಿದದ್ದರ ಗುರುತು ಎಂದು ಅವರು ಯಾರಿಗೂ ಹೇಳಿದ್ದು ನಾನು ಕಾಣೆ.

ನಾನೂ ಪಿಟೀಲು ಕಲಿತವನೇ. ನಂಜನಗೂಡಿನಲ್ಲಿ ಒಂಬತ್ತು ವರ್ಷ. ಆದರೆ ನಮ್ಮದು ಚಕ್ಕಳಮಕ್ಕಳ ಹಾಕಿ ಕೂತು, ಎದೆಗೂ ಪಾದದ ಗಿಣ್ಣಿಗೂ ನಡುವೆ ವಾದ್ಯವನ್ನು ಇಟ್ಟುಕೊಂಡು ನುಡಿಸುವ ಪದ್ಧತಿ. ಹಾಗಾಗಿ ನನ್ನ ದವಡೆ ನುಣ್ಣಗೇ ಉಳಿಯಿತು, ನನಗೂ ಆ ಕಲೆಯ ಅರ್ಥ ತಿಳಿದದ್ದು ತಡವಾಗಿ.

ನಾವು ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಸಿಕ್ಕಿದ್ದು ನಾವು ಊರು ಬಿಟ್ಟು ಈ ಚಳಿಯ ದೇಶಕ್ಕೆ ಬಂದ ಕೆಲವು ವರ್ಷಕ್ಕೆ, ತೊಂಬತ್ತರ ದಶಕದ ಮೊದಲಲ್ಲಿ, ಸ್ಕಾರ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ. ಎಂಟು ವರ್ಷದ ಮಗಳು ಶಾಲೆಯಲ್ಲಿ ಕೊಟ್ಟ ಪುಟ್ಟ ಪಿಟೀಲಿನ ಪೆಟ್ಟಿಗೆಯನ್ನು ಎಳೆದಾಡುತ್ತಿದ್ದಳು. ನಾನು "ಬೇಗ ಬಾಮ್ಮ, ಶಿಫ್ಟಿಗೆ ಲೇಟಾಗತ್ತೆ" ಎಂದು ಗದರುತ್ತಿದ್ದೆ. ಮೂಲೆಯಲ್ಲಿ ನಿಂತಿದ್ದ ಕುಳ್ಳಗಿನ ಮುದುಕರು, ಅಪ್ಪಟ ಮೈಸೂರು ಕನ್ನಡದಲ್ಲಿ ಹೇಳಿದರು.

"ಮಗೂ, ಪೆಟ್ಟಿಗೇನ ಹಾಗೆ ತಲೆಕೆಳಗೆ ಹಿಡೀಬಾರದು. ಒಳಗೆ ಕುದುರೆ ಬೀಳುತ್ತೆ."

ಮಗಳು ನನ್ನ ಮುಖ ನೋಡಿದಳು. ಪೆಟ್ಟಿಗೆಯೊಳಗೆ ಕುದುರೆ ಇರುವುದು ಅವಳಿಗೆ ಹೊಸ ಸಂಗತಿ. ಮೇಷ್ಟ್ರು ಲಿಫ್ಟಿನಲ್ಲೇ ಕುಕ್ಕರಗಾಲಲ್ಲಿ ಕೂತು ಪೆಟ್ಟಿಗೆ ತೆಗೆದು, ತಂತಿಗಳನ್ನು ಹೊತ್ತು ನಿಂತ ಆ ಮರದ ತುಂಡನ್ನು ತೋರಿಸಿದರು. ಎರಡು ಮಹಡಿ ದಾಟಿ ಹೋದವು. ನನಗೆ ಬಸ್ಸು ತಪ್ಪಿತು.

ಆಗ ನನ್ನ ಬದುಕೆಂದರೆ ಶಿಫ್ಟು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ ಬಂದವನು ಹತ್ತಿರದ ಊರಾದ ವಾನ್‌ನ ಕಾರ್ಖಾನೆಯೊಂದರಲ್ಲಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಿದ್ದೆ. ಹುಬ್ಬಳ್ಳಿಯ ನನ್ನ ಹೆಂಡತಿ ಮುದುಕರ ಆರೈಕೆಯ ಮನೆಯೊಂದರಲ್ಲಿ ಅಡುಗೆ ಕೆಲಸಕ್ಕಿದ್ದಳು. ನಾವಿಬ್ಬರೂ ಎಚ್ಚರವಾಗಿ ಎದುರುಬದುರು ಕೂತು ಮಾತಾಡುತ್ತಿದ್ದುದು ಭಾನುವಾರ ಮಾತ್ರ. ಆ ಭಾನುವಾರವನ್ನೂ ಮೇಷ್ಟ್ರ ಪಾಠ ನುಂಗಿತು. ಆಮೇಲೆ ವಾನ್‌ನಲ್ಲೇ ಮನೆ ಮಾಡಿ ಹೋದ ಮೇಲೂ ಪ್ರತಿ ಭಾನುವಾರ ನಾನೂರ ಒಂದನೆಯ ನಂಬರಿನ ಹೆದ್ದಾರಿ ಹಿಡಿದು ಮಗಳನ್ನು ಸ್ಕಾರ್‌ಬರೋಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ವರ್ಷಗಟ್ಟಲೆ ಹೋದೆ. ಭಕ್ತಿಯಿಂದ ಹೋದೆ ಎಂದು ಹೇಳಿದರೆ ಸುಳ್ಳಾದೀತು. ಎಷ್ಟೋ ಸಲ ಹಿಮ ಸುರಿದು ಪಾಠ ತಪ್ಪಲಿ ಎಂದು ಹಾರೈಸಿದ್ದೇನೆ.

ಮೇಷ್ಟ್ರ ಕಥೆಯನ್ನು ತುಣುಕು ತುಣುಕಾಗಿ ಕೇಳಿದ್ದು. ಅವರ ತಂದೆ ಮೈಸೂರು ಅರಮನೆಯ ಪಾಶ್ಚಾತ್ಯ ವಾದ್ಯಗೋಷ್ಠಿಯಲ್ಲಿದ್ದವರು. ಮಗನಿಗೆ ಹದಿನಾಲ್ಕಾದಾಗ ಅಲ್ಲಿಯೇ ಎರಡನೆಯ ಪಿಟೀಲಿನ, ಅಂದರೆ ಮೊದಲ ಸಾಲಿನ ರಾಗಕ್ಕೆ ಕೆಳದನಿ ಕೊಡುವ ಸಾಲಿನ, ಕೊನೆಯ ಕುರ್ಚಿಗೆ ಸೇರಿಸಿದರು. ಮುಂದೆ ಕಾಲ ಬದಲಾಯಿತು, ಅರಮನೆಗೆ ವಾದ್ಯಗೋಷ್ಠಿ ಬೇಡವಾಯಿತು. ಮೇಷ್ಟ್ರು ಬೆಂಗಳೂರು ದಂಡಿನ ಕಾನ್ವೆಂಟುಗಳಲ್ಲಿ ಪಿಟೀಲು ಹೇಳಿಕೊಟ್ಟರು. ಎಪ್ಪತ್ತರ ದಶಕದಲ್ಲಿ ಹೆಂಡತಿಯ ಅಣ್ಣ ಕರೆಸಿಕೊಂಡನೆಂದು ಇಲ್ಲಿಗೆ ಬಂದು, ಅಡುಗೆಮನೆಯ ಕಪಾಟು ಮಾಡುವ ಕಾರ್ಖಾನೆಗೆ ಸೇರಿ, ಸುಮಾರು ಇಪ್ಪತ್ತು ವರ್ಷ ಮರ ಉಜ್ಜಿದರು. ನಾವು ಕಾಣುವ ಹೊತ್ತಿಗೆ ನಿವೃತ್ತರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಉಳಿದದ್ದು ಒಂದು ಪಿಟೀಲು, ಒಂದು ರೈಸ್ ಕುಕ್ಕರು, ಮತ್ತು ಮನೆಯ ಹತ್ತಿರದ ಚರ್ಚಿನ ಹಾಲಿನಲ್ಲಿ ವಾರಕ್ಕೊಮ್ಮೆ ಸೇರುತ್ತಿದ್ದ ಹವ್ಯಾಸಿಗಳ ವಾದ್ಯಗೋಷ್ಠಿ. ಅಲ್ಲಿಯೂ ಅವರದು ಎರಡನೆಯ ಪಿಟೀಲು, ಕೊನೆಯ ಕುರ್ಚಿ.

"ಮುಂದಕ್ಕೆ ಬನ್ನಿ ಅಂತ ಕರೆಯೋಲ್ವೆ ಮೇಷ್ಟ್ರೇ?" ಎಂದು ಒಮ್ಮೆ ಕೇಳಿದೆ.

"ಕರೀತಾರೆ. ಮುಂದೆ ಹೋದ್ರೆ ಕೋಲಾಡಿಸಿ ತಾಳ ಹಾಕೋ ಕಂಡಕ್ಟರ್ ಮುಖ ಮಾತ್ರ ಕಾಣುತ್ತೆ ಕಣ್ರೀ. ಹಿಂದೆ ಕೂತ್ರೆ ಎಲ್ರ ಕಮಾನೂ ಕಾಣುತ್ತೆ" ಎಂದರು.

ಪಾಠ ಹೇಳುವಾಗ ಅವರು ಹೊಗಳುತ್ತಿರಲಿಲ್ಲ, ಬಯ್ಯುತ್ತಲೂ ಇರಲಿಲ್ಲ. ಸರಿಯಾಗಿ ನುಡಿಸಿದರೆ "ಹೂಂ" ಎನ್ನುವುದು, ತಪ್ಪಿದರೆ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಳ್ಳುವುದು. ಮಗಳಿಗೆ ಆ ಕನ್ನಡಕದ ಮೇಲೆ ಕಣ್ಣು. ಅವರ ಕೈ ಅತ್ತ ಹೋದರೆ ಸಾಕು, ತಾನೇ ನಿಲ್ಲಿಸಿ "ಓಕೆ ಓಕೆ, ಅಗೇನ್" ಎನ್ನುತ್ತಿದ್ದಳು. ಅವಳು ಇಂಗ್ಲಿಷಿನಲ್ಲಿ ಕೇಳುವುದು, ಅವರು ಕನ್ನಡದಲ್ಲಿ ಉತ್ತರಿಸುವುದು. ಇಬ್ಬರೂ ತಮ್ಮ ಪಟ್ಟು ಬಿಡಲಿಲ್ಲ, ಪಾಠ ಮಾತ್ರ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಅವಳು ಕಲಿಯದ ಎಷ್ಟೋ ಮಾತು ಅಲ್ಲಿ ಅವಳ ಕಿವಿಗೆ ಬಿದ್ದವು.

ಅವಳಿಗೆ ಹದಿನಾಲ್ಕು ತುಂಬಿದ ಮೇಲೆ ಒಂದು ಭಾನುವಾರ ಮೇಷ್ಟ್ರು ಕಂದುಬಣ್ಣಕ್ಕೆ ತಿರುಗಿದ ಹಾಳೆಗಳನ್ನು ಸ್ಟ್ಯಾಂಡಿನ ಮೇಲೆ ಇಟ್ಟರು. ಬರೋಕ್ ಕಾಲದ ಒಂದು ಪಿಟೀಲು ಕನ್ಚೆರ್ಟೊ. ಸುಮಾರು ಮುನ್ನೂರು ವರ್ಷದ ಹಿಂದೆ ಇಟಲಿಯಲ್ಲಿ ಬರೆದದ್ದು. ಒಂಟಿ ಪಿಟೀಲು ಒಂದು ಕಡೆ, ಇಡೀ ವಾದ್ಯಗೋಷ್ಠಿ ಇನ್ನೊಂದು ಕಡೆ, ಎರಡೂ ಮಾತಿಗೆ ಮಾತು ಕೊಡುತ್ತ ಹೋಗುವ ರಚನೆ.

"ಮೂರು ಭಾಗ ಕಣಮ್ಮ" ಎಂದರು. "ಮೊದಲನೇದು ಬೆಳಗಿನ ಶಿಫ್ಟು. ಎಲ್ರೂ ಒಟ್ಟಿಗೆ ಜೋರಾಗಿ ಷುರು ಮಾಡ್ತಾರೆ. ಎರಡನೇದು ಊಟದ ಬ್ರೇಕು. ಮೂರನೇದು ಮನೆಗೆ ಹೋಗೋ ಬಸ್ಸಿಗೆ ಓಟ."

ಮೊದಲ ಭಾಗದಲ್ಲಿ ಗುಂಪು ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತದೆ. ಒಂಟಿ ಪಿಟೀಲು ಅದನ್ನು ಬಿಟ್ಟು ತನ್ನ ಪಾಡಿಗೆ ತಾನು ಓಡುತ್ತದೆ, ಹತ್ತುತ್ತದೆ, ಇಳಿಯುತ್ತದೆ. ಅಷ್ಟರಲ್ಲಿ ಗುಂಪು ಮತ್ತೆ ಅದೇ ಮಾತನ್ನು ಎತ್ತುತ್ತದೆ, ಆದರೆ ಅರ್ಧ ಮಾತ್ರ, ಅದೂ ಬೇರೆ ಶ್ರುತಿಯಲ್ಲಿ. ಹೀಗೆ ಮೂರು ನಾಲ್ಕು ಸಲ ಆಗಿ, ಕೊನೆಯಲ್ಲಿ ಮೂಲ ಶ್ರುತಿಗೆ ಬಂದು ಪೂರ್ತಿ ಮಾತು ಹೇಳಿ ನಿಲ್ಲುತ್ತದೆ. ಸೋಫಾದಲ್ಲಿ ಕೂತಿದ್ದ ನಾನು ನನ್ನ ಜ್ಞಾನ ತೋರಿಸಲು "ನಮ್ಮ ಪಲ್ಲವಿ ಇದ್ದ ಹಾಗೆ ಅಲ್ವೆ ಮೇಷ್ಟ್ರೇ?" ಎಂದೆ.

"ಹಾಗೇ. ಆದ್ರೆ ನಮ್ಮ ಪಲ್ಲವಿಗೆ ಸ್ವಂತ ಮನೆ ಇದೆ. ಇದು ಪ್ರತಿ ಸಲಾನೂ ಬೇರೆ ಬೇರೆ ಮನೇಲಿ ಬಾಡಿಗೆಗೆ ಇರುತ್ತೆ. ನಮ್ಮ ಥರ" ಎಂದು ನಕ್ಕರು.

ಅವರ ಪ್ರಾಣ ಇದ್ದುದು ಎರಡನೆಯ ಭಾಗದಲ್ಲಿ. ಅಲ್ಲಿ ದಪ್ಪ ದನಿಯ ವಾದ್ಯಗಳೆಲ್ಲ ಸುಮ್ಮನಾಗುತ್ತವೆ. ಗುಂಪಿನ ಪಿಟೀಲುಗಳು ಮಾತ್ರ ಮೆತ್ತಗೆ ಒಂದೇ ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತ ಕೆಳಗೆ ನೆಲ ಹಾಸುತ್ತವೆ. ಅದರ ಮೇಲೆ ಒಂಟಿ ಪಿಟೀಲು ನಿಧಾನಕ್ಕೆ ನಡೆಯುತ್ತದೆ. ಹಾಳೆಯಲ್ಲಿ ಅದಕ್ಕೆ ಬರೆದಿರುವುದು ಕೆಲವೇ ಸ್ವರ, ಉಳಿದದ್ದನ್ನು ನುಡಿಸುವವರು ತಾವೇ ತುಂಬಬೇಕು. ಮಗಳಿಗೆ ಇದು ಅರ್ಥವಾಗಲಿಲ್ಲ. ಬರೆಯದೇ ಇದ್ದದ್ದನ್ನು ನುಡಿಸಿದರೆ ತಪ್ಪಲ್ಲವೇ ಎಂದು ಕೇಳಿದಳು.

"ಅನ್ನ ಮಾತ್ರ ಬಡಿಸಿಟ್ಟು ಹೋಗಿದಾನೆ ಮಹಾರಾಯ. ಸಾರು ನೀನು ಮಾಡ್ಕೋಬೇಕು. ಆದ್ರೆ ಅನ್ನ ತೇಲೋ ಅಷ್ಟು ಹುಯ್ಕೋಬಾರದು."

ಆ ಭಾಗ ಬಂದಾಗಲೆಲ್ಲ ನಾನು ಸೋಫಾದ ಮೇಲೆ ನಿದ್ದೆ ಹೋಗುತ್ತಿದ್ದೆ. ಬಾಯಿ ತೆರೆದು ಮಲಗಿದ ಅಪ್ಪನನ್ನು ನೋಡಿ ಮಗಳಿಗೆ ನಾಚಿಕೆ. ಎಬ್ಬಿಸಲು ಬಂದರೆ ಮೇಷ್ಟ್ರು ತಡೆಯುತ್ತಿದ್ದರಂತೆ. "ಮಲಗ್ಲಿ ಬಿಡಮ್ಮ, ದುಡಿದು ಬಂದಿದಾರೆ." ನನ್ನ ಮೇಲೆ ಒಂದು ಹಳೆಯ ಶಾಲು ಹೊದಿಸಿರುತ್ತಿದ್ದರು. ಎದ್ದು ನೋಡಿದರೆ ಮೂರನೆಯ ಭಾಗ ಮುಗಿದು ಇಬ್ಬರೂ ಬಿಸ್ಕತ್ತು ತಿನ್ನುತ್ತಿರುತ್ತಿದ್ದರು.

ಕಾನ್ವೆಂಟಿನ ಮಕ್ಕಳಿಂದ ಹಿಡಿದು ಇಲ್ಲಿಯವರೆಗೆ ನೂರಾರು ಮಕ್ಕಳಿಗೆ ಅವರು ಹೇಳಿಕೊಟ್ಟಿದ್ದರು. ಒಬ್ಬರೂ ಈ ಕನ್ಚೆರ್ಟೊ ತನಕ ಬಂದಿರಲಿಲ್ಲ. ಪರೀಕ್ಷೆ, ಮದುವೆ, ಬೇಸರ, ಒಂದಲ್ಲ ಒಂದಕ್ಕೆ ಬಿಟ್ಟು ಹೋದರು. ಅಷ್ಟು ದೂರ ಬಂದವಳು ನನ್ನ ಮಗಳೊಬ್ಬಳೇ. ಅವಳಿಗೆ ಹದಿನೈದಾದಾಗ ಮೇಷ್ಟ್ರು ಚರ್ಚಿನ ವಾದ್ಯಗೋಷ್ಠಿಯ ಕಂಡಕ್ಟರನ್ನು ಕೇಳಿಕೊಂಡರು. ಹನ್ನೆರಡು ವರ್ಷ ಪ್ರತಿ ವಾರ ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಜೋಡಿಸಿದ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆಕೆ ತಕ್ಷಣ ಒಪ್ಪಿದರು. ಚಳಿಗಾಲದ ಒಂದು ಭಾನುವಾರ, ಸಂಜೆ ನಾಲ್ಕಕ್ಕೆ, ನನ್ನ ಮಗಳು ಒಂಟಿ ಪಿಟೀಲು.

ಆಗಲೇ ಅವರು ನನಗೆ ಬೆರಳು ತೋರಿಸಿದ್ದು. ಎಡಗೈಯ ಉಂಗುರ ಬೆರಳು ಮಡಿಚಲು ಬಾರದಂತೆ ಸೆಟೆದುಕೊಳ್ಳುತ್ತಿತ್ತು. ಡಾಕ್ಟರು ನಿಲ್ಲಿಸಿ ಎಂದಿದ್ದರು.

"ಇದೇ ನಂದು ಕೊನೇದು. ಕಂಡಕ್ಟರಿಗೆ ಹೇಳಿದೀನಿ" ಎಂದರು. "ನನ್ನ ಶಿಷ್ಯೆ ಮುಂದೆ ನಿಂತು ಆ ಎರಡನೇ ಭಾಗ ನುಡಿಸ್ತಿರಬೇಕು, ನಾನು ಹಿಂದೆ ಕೂತು ಅದೇ ಸ್ವರ ಹಾಕ್ತಿರಬೇಕು. ಅಷ್ಟೇ ನೋಡಿ ಬೇಕಾಗಿರೋದು."

"ಮನೇಲಿ ಪ್ರತಿ ವಾರ ಅವಳ ಜೊತೆ ನುಡಿಸ್ತೀರಲ್ಲ ಮೇಷ್ಟ್ರೇ."

"ಮನೇಲಿ ನಾನೊಬ್ಬನೇ ನುಡಿಸಿದ್ರೆ ಅದು ಪಾಠ. ಹದಿನೈದು ಜನದ ನಡುವೆ ಕೂತು ನುಡಿಸಿದ್ರೆ ಕನ್ಚೆರ್ಟೊ."

ಒಂದು ವಾರ ಮೊದಲು ಅವರೇ ಮಗಳ ಪಿಟೀಲಿಗೆ ಹೊಸ ತಂತಿ ಹಾಕಿ, ಶ್ರುತಿ ಕೂರಿಸಿ, ನನ್ನ ಕೈಗೆ ಪೆಟ್ಟಿಗೆ ಕೊಟ್ಟು ಹೇಳಿದರು. "ಇವು ಈಗ ನೆಲೆ ನಿಲ್ತಾ ಇವೆ. ಭಾನುವಾರದವರೆಗೆ ಬಿರಡೆ ತಿರುಗಿಸಬೇಡಿ." ಬಿರಡೆ ಎಂದರೆ ತಂತಿ ಸುತ್ತುವ ಗೂಟ. ಒಣ ಚಳಿಯಲ್ಲಿ ಅದು ಸಡಿಲವಾಗಿ ಜಾರುತ್ತದೆ ಎನ್ನುವುದು ಪಿಟೀಲು ಹಿಡಿದ ನನಗೆ ಗೊತ್ತಿಲ್ಲದ್ದಲ್ಲ. ಆಗಲಿ ಎಂದೆ.

ಇನ್ನು ನನ್ನ ವಿಷಯ. ಬರೆಯಲು ಕೈ ಬಾರದು, ಬರೆಯದಿದ್ದರೆ ಈ ಚಿತ್ರವೇ ಸುಳ್ಳಾಗುತ್ತದೆ.

ಅದೇ ಭಾನುವಾರ ಬೆಳಿಗ್ಗೆ ಕನ್ನಡ ಸಂಘದ ಸಂಕ್ರಾಂತಿ ಕಾರ್ಯಕ್ರಮವಿತ್ತು, ಮಿಸಿಸಾಗಾದ ಒಂದು ಶಾಲೆಯ ಹಾಲಿನಲ್ಲಿ. ಬೆಂಗಳೂರಿನಿಂದ ಬಂದ ಗಾಯಕಿಯ ಹಾಡುಗಾರಿಕೆ. ಅವರ ಜೊತೆ ಪಿಟೀಲು ನುಡಿಸಬೇಕಿದ್ದವರು ಜ್ವರ ಹಿಡಿದು ಮಲಗಿದರು. ಶನಿವಾರ ಸಂಜೆ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ನೀವು ಊರಲ್ಲಿ ನುಡಿಸ್ತಿದ್ರಂತಲ್ಲ ಸಾರ್? ಒಂದು ಗಂಟೆ ಕೂತ್ಬಿಡಿ, ಮಾನ ಉಳಿಸಿ."

ಹನ್ನೊಂದು ವರ್ಷದಲ್ಲಿ ಈ ದೇಶದಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಹಾಗೆ ಕೇಳಿರಲಿಲ್ಲ. ನನ್ನ ಕೈ ಮುಚ್ಚಳ ನೋಡುವ ಕೈಯಾಗಿತ್ತು. ನಂಜನಗೂಡಿನಿಂದ ತಂದ ನನ್ನ ಪಿಟೀಲು ಮೊದಲ ಚಳಿಗಾಲಕ್ಕೇ ಬಿರಿದು ಕಪಾಟಿನ ಮೇಲೆ ಬಿದ್ದಿತ್ತು. ಮನೆಯಲ್ಲಿ ಇದ್ದದ್ದು ಮಗಳದೊಂದೇ. ಅವಳು ಹೊಸ ಉಡುಪಿನ ಹೊಲಿಗೆ ಸರಿಪಡಿಸಿಕೊಳ್ಳಲು ಬೆಳಿಗ್ಗೆಯೇ ಸ್ನೇಹಿತೆಯ ಮನೆಗೆ ಹೊರಡುವವಳು, ಅಲ್ಲಿಂದ ನೇರ ಚರ್ಚಿಗೆ ಹೋಗುವವಳು. ಪಿಟೀಲನ್ನು ನಾನು ತರುವುದೆಂದು ಮೊದಲೇ ಮಾತಾಗಿತ್ತು. ಅವಳಿಗೆ ತಿಳಿಯುವ ಹಾಗೇ ಇರಲಿಲ್ಲ.

ನಮ್ಮ ಪದ್ಧತಿಗೆ ಗಾಯಕಿಯ ಶ್ರುತಿಗೆ ಕೂಡುವ ಹಾಗೆ ತಂತಿ ಇಳಿಸಬೇಕು. ಆಕೆಯದು ಐದು ಮನೆ ಶ್ರುತಿ. ಲೆಕ್ಕ ಹಾಕಿದರೆ ಕೆಳಗಿನ ಎರಡು ತಂತಿ ಇದ್ದ ಹಾಗೇ ಇರಬಹುದು, ಮೇಲಿನ ಎರಡನ್ನು ಒಂದೊಂದು ಸ್ವರ ಇಳಿಸಿದರೆ ಸಾಕು. ಎರಡೇ ತಂತಿ ಎಂದು ನನಗೆ ನಾನೇ ಹೇಳಿಕೊಂಡೆ.

ಹೆಂಡತಿ ನೋಡಿದಳು. "ಮಾಸ್ತರ್ ಮುಟ್ಟಬ್ಯಾಡ ಅಂದಾರಲ್ರೀ. ಮತ್ಯಾಕ ತಿರುವಾಕ ಹತ್ತೀರಿ?"

"ಎರಡೇ ತಂತಿ. ಆಮೇಲೆ ಏರಿಸಿಬಿಡ್ತೀನಿ."

"ಅಕಿ ಎಷ್ಟು ದಿನದಿಂದ ಕಾಯಾಕ ಹತ್ಯಾಳ. ಇವತ್ತೊಂದಿನ ಬಿಡ್ರಿ" ಎಂದಳು. ನಾನು ಬಿಡಲಿಲ್ಲ.

ಎಡಗೈ ಬೆರಳ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಹೊಸ ಜುಬ್ಬ ಹಾಕಿ, ವೇದಿಕೆಯ ಮೇಲೆ ಕೂತೆ. ಬೆರಳು ತಂತಿಯ ಮೇಲೆ ಸಲೀಸಾಗಿ ಜಾರಲೆಂದು ನಮ್ಮಲ್ಲಿ ಎಣ್ಣೆ ಹಚ್ಚುವುದುಂಟು. ನನ್ನ ಗುರುಗಳು ಹಚ್ಚುತ್ತಿದ್ದರು, ನಾನೂ ಹಚ್ಚುತ್ತಿದ್ದೆ. ಬಹಳ ಚೆನ್ನಾಗಿ ನುಡಿಸಿದೆನೆಂದೇನೂ ಅಲ್ಲ. ಆದರೂ ಜನ ಎರಡು ಸಲ ಚಪ್ಪಾಳೆ ತಟ್ಟಿದರು, ಗಾಯಕಿ ನನ್ನ ಕಡೆ ತಿರುಗಿ ತಲೆದೂಗಿದರು. ಊಟಕ್ಕೆ ಕೂತಾಗ ಕಂಡು ಕೇಳರಿಯದವರೆಲ್ಲ ಬಂದು ಮಾತಾಡಿಸಿದರು. ಒಂದು ಗಂಟೆಯ ಮಟ್ಟಿಗೆ ನಾನೂ ಯಾರೋ ಒಬ್ಬನಾಗಿದ್ದೆ. ಆ ಸಂತೋಷವನ್ನು ಈಗಲೂ ಅಲ್ಲಗಳೆಯಲಾರೆ. ಅದೇ ನನಗೆ ಹೆಚ್ಚು ನಾಚಿಕೆ ತರುವ ಸಂಗತಿ.

ಮೂರು ಗಂಟೆಗೆ ಕಾರಿನಲ್ಲಿ ಕೂತು ತಂತಿ ಏರಿಸಿದೆ, ಕರವಸ್ತ್ರದಿಂದ ಎಣ್ಣೆ ಒರೆಸಿದೆ. ಚರ್ಚು ಸೇರುವಾಗ ಮತ್ತೆ ಇಳಿದಿತ್ತು. ಮತ್ತೆ ಏರಿಸಿ, ಬಿರಡೆಯನ್ನು ಒಳಕ್ಕೆ ಒತ್ತಿ ಮಗಳ ಕೈಗೆ ಕೊಟ್ಟೆ. ವೇದಿಕೆಗೆ ಹೋಗುವ ಮುನ್ನ ಶ್ರುತಿ ನೋಡಿಕೊಂಡಾಗ ನಿಂತೇ ಇತ್ತು.

ಮೊದಲ ಭಾಗದ ಅರ್ಧಕ್ಕೆ ಬಿರಡೆ ಜಾರಿತು. ಮೇಲಿನಿಂದ ಎರಡನೆಯ ತಂತಿ ಇಳಿಯತೊಡಗಿದ್ದು ನನ್ನ ಕಿವಿಗೆ ಮೊದಲು ತಿಳಿಯಿತು. ಮಗಳು ಬೆರಳನ್ನು ಮುಂದಕ್ಕೆ ಸರಿಸಿ ಸರಿಸಿ ಸಂಭಾಳಿಸುತ್ತಿದ್ದಳು. ಗುಂಪು ಪ್ರತಿ ಸಲ ಅದೇ ಮಾತಿಗೆ ಮರಳಿದಾಗಲೂ ಅವಳು ಇನ್ನಷ್ಟು ಕೆಳಗೆ ಜಾರಿರುತ್ತಿದ್ದಳು. ಅವಳ ಕಿವಿ ಕೆಂಪಾಗಿದ್ದು ಐದನೆಯ ಸಾಲಿನಲ್ಲಿದ್ದ ನನಗೆ ಕಂಡಿತು. ಹೇಗೋ ಕೊನೆ ಮುಟ್ಟಿಸಿ ಬಿರಡೆ ತಿರುಗಿಸಿ ನೋಡಿದಳು, ತಂತಿ ನಿಲ್ಲಲಿಲ್ಲ. ಪಕ್ಕದಲ್ಲಿ ಹೆಂಡತಿ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ವಾದ್ಯಗೋಷ್ಠಿಗಳಲ್ಲಿ ಒಂದು ರೂಢಿಯಿದೆ. ಮುಂದೆ ನಿಂತವರ ವಾದ್ಯ ಕೈಕೊಟ್ಟರೆ ಕಾರ್ಯಕ್ರಮ ನಿಲ್ಲಿಸುವುದಿಲ್ಲ. ಮೊದಲ ಕುರ್ಚಿಯವರು ತಮ್ಮ ಪಿಟೀಲನ್ನು ಕೊಟ್ಟು ಕೆಟ್ಟದ್ದನ್ನು ತೆಗೆದುಕೊಳ್ಳುತ್ತಾರೆ, ಅದನ್ನು ಹಿಂದಿನವರಿಗೆ ಕೊಟ್ಟು ಅವರದನ್ನು ತಾವು ಪಡೆಯುತ್ತಾರೆ. ಹೀಗೆ ಕೈಯಿಂದ ಕೈಗೆ ದಾಟಿ ಕೆಟ್ಟ ವಾದ್ಯ ಕೊನೆಯ ಕುರ್ಚಿಯನ್ನು ಸೇರುತ್ತದೆ. ಕೊನೆಯವರು ನುಡಿಸದೆ ಕೂರುತ್ತಾರೆ. ಆ ದಿನ ಮೊದಲ ಪಿಟೀಲಿನವರು ಐದೇ ಮಂದಿ, ಅವರಲ್ಲಿ ಒಬ್ಬರು ಕಡಿಮೆಯಾದರೂ ಆಗುತ್ತಿರಲಿಲ್ಲ. ಹಾಗಾಗಿ ನನ್ನ ಮಗಳ ಪಿಟೀಲು ಎರಡನೆಯ ಪಿಟೀಲಿನ ಸಾಲಿಗೂ ದಾಟಿತು. ನಾನು ಅದನ್ನು ಕಣ್ಣಿನಲ್ಲೇ ಹಿಂಬಾಲಿಸಿದೆ. ಮೇಷ್ಟ್ರು ಎದ್ದು, ತಮ್ಮ ಪಿಟೀಲನ್ನು ಮುಂದಿನವರಿಗೆ ಕೊಟ್ಟು, ಮಗಳದನ್ನು ತೆಗೆದುಕೊಂಡು ಕೂತರು.

ಎರಡನೆಯ ಭಾಗ ಶುರುವಾಯಿತು. ಮಗಳು ಅನ್ಯರ ಪಿಟೀಲಿನಲ್ಲಿ ಹೆದರಿ ಹೆದರಿ ಮೊದಲ ಸ್ವರ ಎತ್ತಿದಳು, ಆಮೇಲೆ ಹೆದರಿಕೆ ಬಿಟ್ಟಿತು. ಅಷ್ಟು ಚೆನ್ನಾಗಿ ಅವಳು ಅದನ್ನು ಮುಂದೆಂದೂ ನುಡಿಸಲಿಲ್ಲ. ಉಳಿದ ಪಿಟೀಲುಗಳು ಕೆಳಗೆ ನೆಲ ಹಾಸುತ್ತಿದ್ದವು. ಕೊನೆಯ ಕುರ್ಚಿಯಲ್ಲಿ ಮೇಷ್ಟ್ರು ಪಿಟೀಲನ್ನು ತೊಡೆಯ ಮೇಲೆ ಮಲಗಿಸಿ, ಸಡಿಲ ತಂತಿ ಸದ್ದು ಮಾಡದಿರಲೆಂದು ಅಂಗೈಯಿಂದ ಮುಚ್ಚಿಕೊಂಡು ಕೂತಿದ್ದರು. ಮೂರನೆಯ ಭಾಗ ಮುಗಿದು ಜನ ಎದ್ದು ನಿಂತು ಚಪ್ಪಾಳೆ ತಟ್ಟುವವರೆಗೂ ಕೈ ತೆಗೆಯಲಿಲ್ಲ.

ಹೊರಗೆ ಬಂದ ಮೇಲೆ ಮಗಳು ಅತ್ತಳು. "ವಾಟ್ ಡಿಡ್ ಐ ಡೂ ರಾಂಗ್, ಮೇಷ್ಟ್ರೇ?"

"ನೀನೇನೂ ಮಾಡ್ಲಿಲ್ಲ ಕಣಮ್ಮ. ಬಿರಡೆ ನಾನು ಸರಿಯಾಗಿ ಕೂರಿಸಿರ್ಲಿಲ್ಲ. ತಪ್ಪು ನಂದು, ಸಾರಿ" ಎಂದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮೂರು ದಿನ ನಿದ್ದೆ ಬರಲಿಲ್ಲ. ಬುಧವಾರ ಕೆಲಸಕ್ಕೆ ರಜೆ ಹಾಕಿ ಒಬ್ಬನೇ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ನಾನು ಲೋಟ ಕೆಳಗಿಡುವಷ್ಟರಲ್ಲಿ ಅವರೇ ಶುರು ಮಾಡಿದರು.

"ತಂತಿ ಮುಚ್ಚಿ ಕೂತಿದ್ನಲ್ಲ, ಅಂಗೈಗೆ ಜಿಡ್ಡು ಹತ್ತಿತು. ಮೂಸಿದೆ. ಕೊಬ್ಬರಿ ಎಣ್ಣೆ. ಸ್ಕಾರ್‌ಬರೋ ಚರ್ಚಿಗೆ ಕೊಬ್ಬರಿ ಎಣ್ಣೆ ಹಚ್ಚಿದ ಪಿಟೀಲು ತರೋರು ಯಾರು ಸ್ವಾಮಿ?"

ನಾನು ಎಲ್ಲ ಹೇಳಿದೆ. ಗಾಯಕಿ, ಕಾರ್ಯದರ್ಶಿಯ ಫೋನು, ಎರಡು ತಂತಿ. ಅವರು ಕನ್ನಡಕ ತೆಗೆದು ಒರೆಸುತ್ತ ಕೇಳಿದರು.

"ಕ್ಷಮಿಸಬೇಕು ಮೇಷ್ಟ್ರೇ" ಎಂದೆ.

"ಇಲ್ಲ ಕಣ್ರೀ" ಎಂದರು. ದನಿ ಏರಿಸಲಿಲ್ಲ. "ಐವತ್ತು ವರ್ಷ ಕಾದಿದ್ದೆ. ನಂಗೆ ಬೇಜಾರಾಗಿದೆ. ಅದು ಹೋಗುತ್ತೆ ಅಂತ ನಿಮ್ಮ ಸಮಾಧಾನಕ್ಕೆ ಯಾಕೆ ಸುಳ್ಳು ಹೇಳ್ಲಿ?"

ಹೊರಗೆ ಹಿಮ ತೆಗೆಯುವ ಲಾರಿ ಹೋಯಿತು. ಮೇಷ್ಟ್ರು ಕನ್ನಡಕ ಹಾಕಿಕೊಂಡರು.

"ಮಗೂಗೆ ಈಗ ಹೇಳಬೇಡಿ. ಅಪ್ಪನ ಮೇಲಿನ ಸಿಟ್ಟಿಗೆ ಪಿಟೀಲು ಬಿಟ್ಟುಬಿಡ್ತಾಳೆ, ಆ ವಯಸ್ಸು ಹಾಗೆ. ದೊಡ್ಡವಳಾದ ಮೇಲೆ ನೀವೇ ಹೇಳಿ. ಮತ್ತೆ ಇನ್ನೊಂದು. ಇನ್ನು ನಂಗೆ ಕೈಯಲ್ಲಿ ಆಗೋಲ್ಲ. ಅವಳ ಪಾಠಕ್ಕೆ ಎರಡನೇ ಪಿಟೀಲು ಬೇಕು. ನೀವು ಕಲೀರಿ. ನಿಂತ್ಕೊಂಡು, ಎಣ್ಣೆ ಇಲ್ಲದೆ."

ಹೀಗೆ ನಲವತ್ತು ದಾಟಿದ ಮೇಲೆ ಅವರ ಪಿಟೀಲನ್ನು ದವಡೆಗಿಟ್ಟುಕೊಂಡು ನಾನು ಅವರ ಶಿಷ್ಯನಾದೆ. ಮಗಳಿಗೆ ಇದು ತಮಾಷೆ. ನನಗೆ ಕತ್ತು ನೋವು, ಮೊಣಕಾಲು ನೋವು. ಐದು ದಿನ ನಿಂತು ಮುಚ್ಚಳ ನೋಡಿದ ಮೇಲೆ ಭಾನುವಾರವೂ ನಿಲ್ಲಬೇಕು. ನುಡಿಸಬೇಕಾದದ್ದೂ ಏನು? ಒಂದೇ ಸ್ವರ ಎಂಟು ಸಲ, ಇನ್ನೊಂದು ಸ್ವರ ಎಂಟು ಸಲ. ಇದೇನು ಮಹಾ ಎಂದುಕೊಂಡಿದ್ದೆ. ಎಂಟು ಸಲವೂ ಒಂದೇ ಸಮನಾಗಿ ಬರುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ನನ್ನ ಬೆರಳು ಹಳೆಯ ಚಟಕ್ಕೆ ಗಮಕ ಹಾಕಲು ಹೊರಡುತ್ತಿತ್ತು, ಕಮಾನು ಸುಮ್ಮಸುಮ್ಮನೆ ಒತ್ತು ಕೊಡುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ ಕೂತು, ಪ್ರತಿ ಸಲ ಅದೇ ಮಾತು ಹೇಳುತ್ತಿದ್ದರು.

"ನೀವು ಕೇಳಿಸ್ತಿದೀರಿ. ಮಗು ಕೇಳಿಸ್ಬೇಕು."

ಎರಡು ವರ್ಷ ಹೀಗೆ ಹೋಯಿತು. ಮಗಳು ಕಾಲೇಜಿಗೆ ಬೇರೆ ಊರಿಗೆ ಹೋದಳು. ರಜೆಯಲ್ಲಿ ಬಂದಾಗ ಇಬ್ಬರೂ ಹೋಗುತ್ತಿದ್ದೆವು, ಉಳಿದ ಭಾನುವಾರ ನಾನೊಬ್ಬನೇ. ನಾನೇಕೆ ಹೋಗುತ್ತಿದ್ದೆನೋ ನನಗೇ ಸರಿಯಾಗಿ ಗೊತ್ತಿಲ್ಲ. ಹೋಗದಿದ್ದರೆ ಆ ವಾರವೆಲ್ಲ ಏನೋ ಕಸಿವಿಸಿ. ಅವರು ಆ ದಿನದ ಮಾತು ಮತ್ತೆ ಎತ್ತಲಿಲ್ಲ. ಸಾರು ಮಾಡಿ ಬಡಿಸುತ್ತಿದ್ದರು, ನನ್ನ ಕಾರ್ಖಾನೆಯ ಸುದ್ದಿ ಕೇಳುತ್ತಿದ್ದರು, ಪಾಠಕ್ಕೆ ನಿಂತರೆ ಕನ್ನಡಕ ತೆಗೆಯುತ್ತಿದ್ದರು.

ಹೊಸ ಶತಮಾನದ ಐದಾರು ವರ್ಷ ಕಳೆದ ಮೇಲೆ ಅವರನ್ನು ವೃದ್ಧರ ಆರೈಕೆಯ ಮನೆಗೆ ಸೇರಿಸಬೇಕಾಯಿತು. ನನ್ನ ಹೆಂಡತಿ ಕೆಲಸ ಮಾಡುತ್ತಿದ್ದ ಕಡೆಗೇ. ಅವರಿಗೆಂದು ಉಪ್ಪು ಕಡಿಮೆ ಹಾಕಿ ಅನ್ನ ಸಾರು ಮಾಡಿ ಕೊಡುತ್ತಿದ್ದಳು. "ಮಾಸ್ತರ್ ಎರಡ ತುತ್ತು ಉಂಡ್ರು ನೋಡ್ರಿ ಇವತ್ತ" ಎಂದು ಮನೆಗೆ ಬಂದು ವರದಿ ಒಪ್ಪಿಸುತ್ತಿದ್ದಳು.

ಕೆಲಸಕ್ಕೆ ಸೇರಿದ್ದ ಮಗಳು ಒಂದು ಶನಿವಾರ ಬಂದಳು. ಮಧ್ಯಾಹ್ನ ಇಬ್ಬರೂ ಪಿಟೀಲು ತೆಗೆದುಕೊಂಡು ಅವರ ಕೋಣೆಗೆ ಹೋದೆವು. ಮೇಷ್ಟ್ರು ದಿಂಬಿಗೆ ಒರಗಿದ್ದರು. ತೀರಾ ಸಣ್ಣವರಾಗಿದ್ದರು. ಏನು ನುಡಿಸಲಿ ಎಂದು ಮಗಳು ಕೇಳಲಿಲ್ಲ. ಎರಡನೆಯ ಭಾಗ ಎತ್ತಿದಳು, ನಾನು ಕೆಳಗಿನ ಸ್ವರ ಹಿಡಿದೆ. ಬಾಗಿಲಲ್ಲಿ ನರ್ಸೊಬ್ಬಳು ಟ್ರೇ ಹಿಡಿದು ನಿಂತಳು. ಪಕ್ಕದ ಹಾಸಿಗೆಯವರು ಟಿವಿಯ ಸದ್ದು ತಗ್ಗಿಸಿದರು. ಮುಗಿದ ಮೇಲೆ ಮೇಷ್ಟ್ರು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ. ನಿದ್ದೆ ಬಂದಿರಬೇಕೆಂದುಕೊಂಡು ಪಿಟೀಲು ಪೆಟ್ಟಿಗೆಗೆ ಇಡಲು ಬಗ್ಗಿದೆ.

"ಈಗ ನೀವು ಕೇಳಿಸ್ಲಿಲ್ಲ" ಎಂದರು. "ಸರಿಯಾಗಿದೆ."

ಅವರಿಂದ ನಾನು ಪಡೆದ ಹೊಗಳಿಕೆ ಅದೊಂದೇ. ಒಂಬತ್ತು ದಿನಕ್ಕೆ ತೀರಿಕೊಂಡರು.

ಚಿತಾಗಾರಕ್ಕೆ ಬಂದವರು ಹನ್ನೊಂದು ಮಂದಿ. ಕ್ಯಾಲ್ಗರಿಯಿಂದ ಹೆಂಡತಿಯ ಕಡೆಯ ಹುಡುಗನೊಬ್ಬ ಬಂದಿದ್ದ, ಉಳಿದವರು ನಾವು ಮತ್ತು ಚರ್ಚಿನ ವಾದ್ಯಗೋಷ್ಠಿಯವರು. ಎಲ್ಲ ಮುಗಿಸಿ ಹೆಂಡತಿ ಕೆಲಸಕ್ಕೆ ಹೋದಳು. ನಾನೂ ಮಗಳೂ ಕಾರಿನಲ್ಲಿ ಕೂತೆವು. ಕೀಲಿ ಇನ್ನೂ ನನ್ನ ಕೈಯಲ್ಲೇ ಇತ್ತು.

"ಯು ನೋ ಅಪ್ಪ, ಆ ಪೆಗ್, ಆ ಬಿರಡೆ ವಿಷಯ ಅವರು ಮರೀಲೇ ಇಲ್ಲ" ಎಂದಳು. "ಅವತ್ತು ಶನಿವಾರ ಅವರ ರೂಮಲ್ಲಿ ನುಡಿಸಿದ ಮೇಲೆ ನೀವು ಪಾರ್ಕಿಂಗಿಂದ ಕಾರ್ ತರೋಕೆ ಹೋದ್ರಲ್ಲ, ಆಗಲೂ ಸಾರಿ ಅಂದ್ರು. ಇಷ್ಟು ವರ್ಷ ಆದ್ಮೇಲೆ! ನಂಗೆ ನಿಜವಾಗ್ಲೂ ಸ್ವಲ್ಪ ಸಿಟ್ಟಿತ್ತು ಅವರ ಮೇಲೆ. ಸೋ ಐ ಜಸ್ಟ್ ಸೆಡ್, ಇಟ್ಸ್ ಓಕೆ."

ದೊಡ್ಡವಳಾದ ಮೇಲೆ ಹೇಳಿ ಎಂದಿದ್ದರು. ಅವಳಿಗೆ ಹದಿನೆಂಟಾಯಿತು, ಇಪ್ಪತ್ತಾಯಿತು, ಇಪ್ಪತ್ತೆರಡು ದಾಟಿತು. ನಾನು ಈ ರಜೆಗೆ, ಮುಂದಿನ ರಜೆಗೆ ಎನ್ನುತ್ತಲೇ ಇದ್ದೆ. ಅವಳ ಸಿಟ್ಟನ್ನು ಏಳೆಂಟು ವರ್ಷ ಅವರೇ ಹೊತ್ತರು.

ಕಾರು ಶುರು ಮಾಡದೆ ಎಲ್ಲ ಹೇಳಿದೆ. ಅವಳ ಪಿಟೀಲನ್ನು ಮಿಸಿಸಾಗಾಕ್ಕೆ ಒಯ್ದದ್ದು, ಎರಡು ತಂತಿ, ಎಣ್ಣೆ, ಬುಧವಾರದ ಮಾತು, ಯಾವುದನ್ನೂ ಬಿಡಲಿಲ್ಲ. ಅದು ಅವರ ಕೊನೆಯ ಕಾರ್ಯಕ್ರಮವಾಗಿತ್ತು, ಅವಳ ಹಿಂದೆ ಕೂತು ನುಡಿಸುವುದೊಂದೇ ಅವರಿಗೆ ಬೇಕಾಗಿತ್ತು ಎನ್ನುವುದನ್ನೂ ಹೇಳಿದೆ. ಅದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು. ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ತಾಳಿಕೊಳ್ಳುತ್ತಿದ್ದೆ.

ಕೊನೆಗೆ ನನ್ನ ಕಡೆ ತಿರುಗಿ, ತನ್ನ ಮುರುಕು ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಜೋಡಿಸುತ್ತ ಹೇಳಿದಳು.

"ಮೊದಲೇ ಹೇಳಿದ್ರೆ ನಾನು ಅವರಿಗೆ ಇಟ್ಸ್ ಓಕೆ ಅಂತಿರ್ಲಿಲ್ಲ ಅಪ್ಪ. ಕಾಲಿಗೆ ಬೀಳ್ತಿದ್ದೆ."